ಅಸಲು ಉಳಿಸುವ ಯಾತ್ರೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವ ಯೋಗ್ಯತೆ ನನಗೆ ಎಷ್ಟರಮಟ್ಟಿಗೆ ಉಂಟೆಂಬುದು ನನಗಿಂತಲೂ ನಮ್ಮ ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತು. ಆದರೂ ಅವರು ಬಿಡಲಿಲ್ಲ. ಕಳೆದ ಶಿರಡಿ ಪ್ರವಾಸದಲ್ಲಿ ನಾನು ಬಸ್ಸಿನೊಳಗೆ ಆಡಿದ ಒಂದೆರಡು ಮಾತುಗಳನ್ನು ನೆನಪಿಟ್ಟುಕೊಂಡು, “ಅದನ್ನೇ ಸಭೆಯಲ್ಲಿ ಹೇಳಿರಿ” ಎಂದು ಅಪ್ಪಣೆ ಮಾಡಿದರು. ನಾನು ಇತಿಹಾಸಜ್ಞನಲ್ಲ, ಪಾಳಿ, ಪ್ರಾಕೃತಗಳನ್ನು ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಬೆಳಗಿನಿಂದ ಸಂಜೆಯವರೆಗೆ ಅಸಲು, ಬಡ್ಡಿ, ಜಮೆ, ಖರ್ಚು ಇವುಗಳ ನಡುವೆಯೇ ಬದುಕುವವನು. ಆದುದರಿಂದ ಬೌದ್ಧ ಕ್ಷೇತ್ರಗಳ ವಿಷಯವನ್ನೂ ಅದೇ ಭಾಷೆಯಲ್ಲಿ ಹೇಳಿದರೆ ತಾವು ಮನ್ನಿಸಬೇಕು.

ನಾವು ಮುಂಬಯಿಯ ಕನ್ನಡಿಗರು ಯಾತ್ರಾಪ್ರಿಯರು. ಎರಡು ದಿನ ರಜೆ ಸೇರಿ ಬಂದರೆ ಸಾಕು, ಬಸ್ಸು ಗೊತ್ತಾಗುತ್ತದೆ. ಪುಳಿಯೋಗರೆಯ ಡಬ್ಬಿಗಳು ತುಂಬುತ್ತವೆ. ಶಿರಡಿ, ನಾಸಿಕ, ತ್ರ್ಯಂಬಕ ಮೂರನ್ನೂ ಮುಗಿಸಿಕೊಂಡು ಸೋಮವಾರ ಬೆಳಿಗ್ಗೆ ಲೋಕಲ್ ಗಾಡಿ ಹಿಡಿಯುತ್ತೇವೆ. ಈ ದಾರಿಯಲ್ಲಿ ನಾಸಿಕ ಬರುವ ಮೊದಲು ಹೆದ್ದಾರಿಯ ಪಕ್ಕದಲ್ಲೇ ಒಂದು ಗುಡ್ಡವಿದೆ. ಅದರ ಹೊಟ್ಟೆಯಲ್ಲಿ ಸಾಲಾಗಿ ಗವಿಗಳು ಕಾಣುತ್ತವೆ. ಜನ ಅದಕ್ಕೆ ಪಾಂಡವ ಲೇಣಿ ಎನ್ನುತ್ತಾರೆ. ಯಾರು ಕಟ್ಟಿದರೆಂದು ತಿಳಿಯದ ದೊಡ್ಡ ಕಟ್ಟಡವನ್ನೆಲ್ಲ ಪಾಂಡವರ ಲೆಕ್ಕಕ್ಕೆ ಜಮೆ ಮಾಡುವುದು ನಮ್ಮ ದೇಶದ ವಾಡಿಕೆ. ನಿಜಕ್ಕೆ ಅವು ಬೌದ್ಧ ಭಿಕ್ಷುಗಳ ವಿಹಾರಗಳು. ನಾನು ಈ ದಾರಿಯಲ್ಲಿ ಹತ್ತು ಸಲವಾದರೂ ಹೋಗಿದ್ದೇನೆ; ಒಮ್ಮೆಯೂ ಇಳಿದಿರಲಿಲ್ಲ. ಕಳೆದ ಸಲ ನಮ್ಮ ಬಸ್ಸಿನ ಟೈರು ಸರಿಯಾಗಿ ಅಲ್ಲಿಯೇ ಪಂಕ್ಚರಾಯಿತು. ಚಾಲಕನಿಗೆ ಒಂದು ಗಂಟೆ ಬೇಕಾಗಿದ್ದುದರಿಂದ ನಾವು ನಾಲ್ಕು ಮಂದಿ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಇಂದಿನ ಭಾಷಣಕ್ಕೆ ಆ ಮೊಳೆಯೇ ಕಾರಣ.

ಅಲ್ಲಿಯ ಹತ್ತನೆಯ ಗವಿಯ ಗೋಡೆಯ ಮೇಲೆ ಬ್ರಾಹ್ಮೀ ಲಿಪಿಯ ಶಾಸನಗಳಿವೆ. ಅದನ್ನು ನೋಡಿ ಬರೆದುಕೊಳ್ಳುತ್ತಿದ್ದ ಕಾಲೇಜಿನ ಹುಡುಗನೊಬ್ಬ, “ಸಾಹೇಬರೇ, ತಾವು ಬ್ಯಾಂಕಿನವರು ಎನ್ನುತ್ತೀರಿ, ಇದು ತಮ್ಮದೇ ಕಾಗದ” ಎಂದು ನಕ್ಕನು. ಮನೆಗೆ ಬಂದ ಮೇಲೆ ಆ ಶಾಸನದ ಅನುವಾದವನ್ನು ಹುಡುಕಿ ಓದಿದೆ. ಹುಡುಗ ಹೇಳಿದ್ದು ಸುಳ್ಳಲ್ಲ.

ಸುಮಾರು 1,900 ವರ್ಷಗಳ ಹಿಂದೆ ಈ ಪ್ರಾಂತವನ್ನು ಆಳುತ್ತಿದ್ದ ಶಕರ ಕ್ಷತ್ರಪ ನಹಪಾನನ ಅಳಿಯ ಉಷವದಾತನೆಂಬುವನು ಈ ಗವಿಯನ್ನು ಭಿಕ್ಷುಸಂಘಕ್ಕೆ ದಾನ ಮಾಡಿದ. ಜೊತೆಗೆ 3,000 ಕಾರ್ಷಾಪಣ ನಾಣ್ಯಗಳನ್ನೂ ಕೊಟ್ಟ. ಆದರೆ ಆ ಹಣವನ್ನು ಭಿಕ್ಷುಗಳ ಕೈಗೆ ಸುರಿಯಲಿಲ್ಲ. 2,000ವನ್ನು ಗೋವರ್ಧನವೆಂಬ ಊರಿನ ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ಶೇಕಡಾ ಒಂದರ ಬಡ್ಡಿಗೆ ಇಟ್ಟ. ಉಳಿದ 1,000ವನ್ನು ನೇಕಾರರದೇ ಇನ್ನೊಂದು ಶ್ರೇಣಿಯಲ್ಲಿ ತಿಂಗಳಿಗೆ ಶೇಕಡಾ ಮುಕ್ಕಾಲರ ಬಡ್ಡಿಗೆ ಇಟ್ಟ. ಮೊದಲನೆಯದರ ಬಡ್ಡಿಯಲ್ಲಿ, ಮಳೆಗಾಲವನ್ನು ಆ ಗವಿಯಲ್ಲಿ ಕಳೆಯುವ ಇಪ್ಪತ್ತು ಮಂದಿ ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣದಂತೆ ವಸ್ತ್ರದ ವೆಚ್ಚ ಸಲ್ಲಬೇಕು. ತಾವೇ ಲೆಕ್ಕ ಹಾಕಿರಿ. 2,000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಭಿಕ್ಷುಗಳಿಗೆ ಹನ್ನೆರಡರಂತೆ 240. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ! ವರ್ಷದ ಕೊನೆಗೆ ಲೆಕ್ಕ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕುಳಿತವನಿಗೆ ಇದನ್ನು ಓದಿ ಆಗುವ ಸಂತೋಷ ಏನೆಂಬುದು ಇಲ್ಲಿರುವ ಬ್ಯಾಂಕಿನ ಮಿತ್ರರಿಗೆ ಗೊತ್ತಾದೀತು.

ಅಷ್ಟಕ್ಕೇ ಮುಗಿಯಲಿಲ್ಲ. ಈ ವ್ಯವಸ್ಥೆಯನ್ನು ಪಟ್ಟಣದ ಸಭೆಯಲ್ಲಿ ಓದಿ ಹೇಳಿ, ಪದ್ಧತಿಯಂತೆ ದಾಖಲೆಗೆ ಸೇರಿಸಲಾಯಿತೆಂದೂ ಶಾಸನದಲ್ಲಿದೆ. ಈ ಬಗೆಯ ನಿಧಿಗೆ ಅಲ್ಲಿ ‘ಅಕ್ಷಯನೀವಿ’ ಎಂಬ ಹೆಸರು. ನೀವಿಯೆಂದರೆ ಅಸಲು, ಮೂಲಧನ. ಅಸಲನ್ನು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು. ನಾನು ಇಂದು ನಿವೇದಿಸಬೇಕೆಂದಿರುವ ಮಾತು ಈ ಒಂದು ಶಬ್ದದಲ್ಲಿ ಅಡಗಿದೆ. ನಮ್ಮ ಪುರಾತನ ಕ್ಷೇತ್ರಗಳೂ ಅಕ್ಷಯನೀವಿಗಳೇ. ಅವುಗಳ ದರ್ಶನ, ಅವು ಕಲಿಸುವ ಪಾಠ, ಅವುಗಳಿಂದ ಊರಿಗೆ ಬರುವ ನಾಲ್ಕು ಕಾಸು, ಇವೆಲ್ಲ ಬಡ್ಡಿ. ಕಲ್ಲು, ಕೆತ್ತನೆ, ಅಕ್ಷರ, ಇವು ಅಸಲು. ಬಡ್ಡಿಯನ್ನು ಎಷ್ಟು ತಲೆಮಾರುಗಳಾದರೂ ಉಣ್ಣಬಹುದು. ಅಸಲಿಗೆ ಕೈ ಹಾಕಿದವನು ಮೊಮ್ಮಕ್ಕಳ ಪಾಲನ್ನು ತಿಂದಂತೆ.

ಇದನ್ನು ಬೋಧಿಸುವ ಮೊದಲು ನನ್ನ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾಸಿಕದವರೆಗೆ ಹೋಗಬೇಕಾಗಿಲ್ಲ, ನಮ್ಮ ಬೋರಿವಲಿಯ ಬೆನ್ನಿಗೇ ಇರುವ ಕನ್ಹೇರಿಯ ಮಾತು. ಅಲ್ಲಿಯ ರಾಷ್ಟ್ರೀಯ ಉದ್ಯಾನದ ದ್ವಾರದಿಂದ ಆರೇಳು ಕಿಲೋಮೀಟರು ಒಳಗೆ ಕರಿಕಲ್ಲಿನ ಗುಡ್ಡವನ್ನು ಕೊರೆದು ಮಾಡಿದ ನೂರಕ್ಕೂ ಮಿಕ್ಕಿದ ಗವಿಗಳಿವೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿಗೆ ಆರಂಭವಾಗಿ ಸಾವಿರ ವರ್ಷ ಭಿಕ್ಷುಗಳು ಬಾಳಿದ ಸ್ಥಳ ಅದು. ಮಳೆಯ ನೀರನ್ನು ಹಿಡಿದಿಡಲು ಅವರು ತೋಡಿದ ತೊಟ್ಟಿಗಳು ಗವಿಗವಿಯ ಮುಂದೂ ಇವೆ. ನನಗೆ ಹನ್ನೊಂದು ವರ್ಷವಿದ್ದಾಗ ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋಗಿದ್ದೆವು. ಗೆಳೆಯರು ಮಾಡಿದರೆಂದು ನಾನೂ ಕಂಪಾಸಿನ ಮೊನೆಯಿಂದ ಒಂದು ಗೋಡೆಯ ಮೇಲೆ ನನ್ನ ಹೆಸರನ್ನು ಕೊರೆದೆ. ಮನೆಗೆ ಬಂದು ತಂದೆಯವರ ಮುಂದೆ ಅದನ್ನು ಜಂಬದಿಂದ ಹೇಳಿಕೊಂಡೆ. ಬಂದರಿನಲ್ಲಿ ದುಡಿದು ದಣಿದು ಬಂದಿದ್ದ ಅವರು, “ಮಂದಿ ಮನಿ ಗ್ವಾಡಿ ಮ್ಯಾಲೆ ಹೆಸರು ಬರೀತಾರೇನೋ?” ಎಂದಷ್ಟೇ ಕೇಳಿದರು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ.

ನಾಸಿಕದ ಶಾಸನವನ್ನು ಓದಿದ ಮೇಲೆ ನನ್ನ ಆ ಸಾಲ ನೆನಪಾಯಿತು. ಒಂದು ಭಾನುವಾರ ಕನ್ಹೇರಿಗೆ ಹೋಗಿ ನನ್ನ ಹೆಸರನ್ನು ಹುಡುಕಿದೆ. ಸಿಕ್ಕಲಿಲ್ಲ. ಅಳಿದು ಹೋಯಿತೆಂದಲ್ಲ, ಅಷ್ಟು ಹೆಸರುಗಳು. ಮರಾಠಿ, ಗುಜರಾತಿ, ಇಂಗ್ಲಿಷ್, ಹೃದಯದ ಚಿತ್ರಗಳು, ಬಾಣಗಳು. ಕೆಲವು ಕಡೆ ಪುರಾತನ ಬ್ರಾಹ್ಮೀ ಅಕ್ಷರಗಳ ಪಕ್ಕದಲ್ಲೇ. ಅವರೂ ಕಲ್ಲಿನ ಮೇಲೆ ಹೆಸರು ಬರೆಸಿದರು, ನಾವೂ ಬರೆದೆವು. ಅವರು ತೊಟ್ಟಿ ತೋಡಿಸಿ, ಗವಿ ಕೊರೆಸಿ, ಹೊಲ ಕೊಟ್ಟು, ಆಮೇಲೆ ಹೆಸರು ಬರೆಸಿದರು. ನಾವು ಕೊಟ್ಟದ್ದೇನು?

ಅದೇ ಕನ್ಹೇರಿಯಲ್ಲಿ ಕನ್ನಡಿಗರು ಕಾಣಲೇಬೇಕಾದ ಇನ್ನೊಂದು ದಾಖಲೆಯಿದೆ. ಒಂಬತ್ತನೆಯ ಶತಮಾನದ ಕೆಲವು ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಮಾಂಡಲಿಕರ ಹೆಸರೂ, ಅವರ ಚಕ್ರವರ್ತಿಯಾದ ಅಮೋಘವರ್ಷನ ಹೆಸರೂ ಇವೆ. ಹೌದು, ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನೇ. ‘ಕವಿರಾಜಮಾರ್ಗ’ ಯಾರ ಆಸ್ಥಾನದಲ್ಲಿ ಹುಟ್ಟಿತೋ ಆತನೇ. ಅವನ ಆಳಿಕೆಯಲ್ಲಿ ದೂರದ ಗೌಡದೇಶದಿಂದ, ಎಂದರೆ ಇಂದಿನ ಬಂಗಾಳದ ಕಡೆಯಿಂದ, ಬಂದ ಬೌದ್ಧ ಭಕ್ತನೊಬ್ಬ ಇಲ್ಲಿ ನೂರು ದ್ರಮ್ಮಗಳ ನಿಧಿಯಿಟ್ಟು ಅದರ ಬಡ್ಡಿಯಲ್ಲಿ ಭಿಕ್ಷುಗಳಿಗೆ ವಸ್ತ್ರ ಸಲ್ಲುವಂತೆ ಮಾಡಿದ. ಚಕ್ರವರ್ತಿ ಜೈನಧರ್ಮದಲ್ಲಿ ಒಲವುಳ್ಳವನು, ದಾನಿ ಬಂಗಾಳದವನು, ಭಿಕ್ಷುಗಳು ಬೌದ್ಧರು, ನೆಲ ಕೊಂಕಣದ್ದು. ಉಷವದಾತನ ಕಾಲಕ್ಕೂ ಇದಕ್ಕೂ ಏಳು ನೂರು ವರ್ಷಗಳಿಗೂ ಹೆಚ್ಚಿನ ಅಂತರ. ರಾಜವಂಶಗಳು ಬಂದವು, ಹೋದವು. ಅಸಲು ಮುಟ್ಟಬಾರದೆಂಬ ನಿಯಮ ಮಾತ್ರ ಹಾಗೆಯೇ ಇತ್ತು. ಅಮೋಘವರ್ಷನ ಮಾನ್ಯಖೇಟ ಇಂದಿನ ಮಳಖೇಡ. ನನ್ನ ತಂದೆಯವರು ಹುಟ್ಟಿದ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ನಾವು ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದ ಹೊಸಬರೆಂದು ಭಾವಿಸಿಕೊಂಡಿದ್ದೇವೆ. ನಮ್ಮೂರ ಅರಸನ ಹೆಸರು ಸಾವಿರ ವರ್ಷಕ್ಕೂ ಮೊದಲೇ ಬೋರಿವಲಿಯ ಗುಡ್ಡದ ಮೇಲೆ ಬಂದು ಕುಳಿತಿದೆ. ಅಂಥ ಗುಡ್ಡದ ಮೇಲೆ ನಾನು ಕಂಪಾಸು ಆಡಿಸಿದ್ದೆ.

ಆ ಭಾನುವಾರ ಇನ್ನೂ ಒಂದು ದೃಶ್ಯವನ್ನು ಕಂಡೆ. ದೊಡ್ಡ ಚೈತ್ಯಗೃಹದೊಳಗೆ ಕೆಲವು ಹುಡುಗರು ತಮ್ಮ ಧ್ವನಿ ಪ್ರತಿಧ್ವನಿಸುವ ಮೋಜಿಗೆ ಕೂಗು ಹಾಕುತ್ತಿದ್ದರು. ಅಷ್ಟರಲ್ಲಿ ಬಿಳಿಯ ಬಟ್ಟೆ ತೊಟ್ಟ ಒಂದು ಸಂಸಾರ ಬಂದಿತು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಚಪ್ಪಲಿ ಹೊರಗೆ ಬಿಟ್ಟು, ಸ್ತೂಪದ ಮುಂದೆ ನೆಲದ ಮೇಲೆ ಕುಳಿತು ತ್ರಿಶರಣವನ್ನು ಹೇಳಿದರು. ಹುಡುಗರ ಕೂಗು ತಾನಾಗಿಯೇ ನಿಂತಿತು. 1956ರಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದಂದಿನಿಂದ ಈ ಪ್ರಾಂತದ ಎಷ್ಟೋ ಮನೆಗಳಿಗೆ ಈ ಗವಿಗಳು ಹಳೆಯ ಕಲ್ಲುಗಳಲ್ಲ, ತೀರ್ಥಗಳು. ನಮಗೆ ಪಂಢರಪುರ ಹೇಗೋ ಅವರಿಗೆ ಇದು ಹಾಗೆ. ಪಿಕ್‌ನಿಕ್ಕಿನ ಗದ್ದಲವನ್ನು ನಾವು ಅಲ್ಲಿಗೆ ಒಯ್ದಾಗ ಇನ್ನೊಬ್ಬರ ಗರ್ಭಗುಡಿಯಲ್ಲಿ ಕುಳಿತು ಬುತ್ತಿ ಬಿಚ್ಚಿದಂತಾಗುತ್ತದೆ. ಇದನ್ನು ನಾನು ಯಾರನ್ನೂ ಹಳಿಯಲು ಹೇಳುತ್ತಿಲ್ಲ, ನಾನೂ ಬಿಚ್ಚಿದವನೇ.

ಆದರೆ ಭಕ್ತಿಯೊಂದಿದ್ದರೆ ಸಾಕೇ ಎಂದರೆ ಅದೂ ಸಾಲದು. ಅಸಲಿಗೆ ನಷ್ಟ ಉಡಾಫೆಯಿಂದ ಬರುವಂತೆ ಅತ್ಯಾಸಕ್ತಿಯಿಂದಲೂ ಬರುತ್ತದೆ. ಸಾಂಚಿಯ ದೊಡ್ಡ ಸ್ತೂಪವನ್ನು 1822ರಲ್ಲಿ ಒಳಗೇನಿದೆಯೆಂಬ ಕುತೂಹಲಕ್ಕೆ ಒಡೆದು ನೋಡಿ ಬಹಳ ಹಾನಿ ಮಾಡಿದರು. 1851ರಲ್ಲಿ ಕನಿಂಗ್‌ಹ್ಯಾಮ್ ಮೊದಲಾದವರು ಅಲ್ಲಿಂದ ತೆಗೆದ ಸಾರಿಪುತ್ರ, ಮೌದ್ಗಲ್ಯಾಯನರ ಅಸ್ಥಿಗಳು ಲಂಡನ್ನಿಗೆ ಹೋದವು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಅವು ಸಾಂಚಿಗೆ ಮರಳಿದವು. ಆಗ ಮಾಡಿದ ಏರ್ಪಾಡು ನೋಡಿರಿ: ಹಳೆಯ ಸ್ತೂಪವನ್ನು ಮತ್ತೆ ತೆರೆಯಲಿಲ್ಲ, ಬೆಟ್ಟದ ಮೇಲೆಯೇ ಹೊಸದೊಂದು ವಿಹಾರವನ್ನು ಕಟ್ಟಿ ಅದರಲ್ಲಿ ಇರಿಸಿದರು. ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಅವನ್ನು ಹೊರಗೆ ತಂದು ದರ್ಶನಕ್ಕೆ ಇಡುವ ಉತ್ಸವಕ್ಕೆ ಸಿಂಹಳದಿಂದಲೂ ಯಾತ್ರಿಕರು ಬರುತ್ತಾರೆ. ಪೂಜೆಗೆ ಪೂಜೆಯೂ ನಡೆಯಿತು, ಸ್ತೂಪಕ್ಕೆ ಪೆಟ್ಟೂ ಬೀಳಲಿಲ್ಲ. ಅಜಂತೆಯಲ್ಲಿಯೂ ವಾಹನಗಳನ್ನು ನಾಲ್ಕು ಕಿಲೋಮೀಟರು ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ಬೇರೆ ಬಸ್ಸಿನಲ್ಲಿ ಒಯ್ಯುತ್ತಾರೆ. ಪ್ರಯಾಣಿಕರು ಗೊಣಗುತ್ತಾರೆ. ಆದರೆ ಹೊಗೆ ಚಿತ್ರಗಳ ಬಳಿಗೆ ಹೋಗದಿರಲಿ ಎಂಬ ಆ ಎಚ್ಚರ ಅಸಲನ್ನು ಕಾಯುವ ಎಚ್ಚರ.

ಇನ್ನು ನಮ್ಮ ಊರಿನ ಮಾತು. ನಮ್ಮ ಮನೆಯ ಕುಲದೇವತೆ ಸನ್ನತಿಯ ಚಂದ್ರಲಾಂಬೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಈ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಒಕ್ಕಲುಗಳು ನಡೆದುಕೊಳ್ಳುತ್ತವೆ. ಇಲ್ಲಿ ಕುಳಿತವರಲ್ಲಿಯೂ ಕೆಲವರು ಇದ್ದಾರೆ. ಆ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದು ಬಿದ್ದು ಮೂರ್ತಿಯೂ ಒಡೆಯಿತು. ಆಗಿನ್ನೂ ಹೊಸ ಸೊಸೆಯಾಗಿದ್ದ ನಮ್ಮ ಅವ್ವನಿಗೆ ಆ ಸುದ್ದಿ ಚೆನ್ನಾಗಿ ನೆನಪಿದೆ. ಮನೆಮನೆಯಲ್ಲಿ ಅಪಶಕುನವೆಂದು ಮರುಗಿದರಂತೆ. ಆದರೆ ಗುಡಿಯನ್ನು ಸರಿಪಡಿಸಲು ಹೊರಟಾಗ ದೇವಿಯ ಪೀಠವಾಗಿದ್ದ ಕಲ್ಲೇ ಒಂದು ಶಾಸನವೆಂದು ತಿಳಿಯಿತು. ಅದು ಅಶೋಕ ಚಕ್ರವರ್ತಿಯ ಧರ್ಮಲಿಪಿ! ಮೂರ್ತಿಯನ್ನು ನಿಲ್ಲಿಸಲೆಂದು ಯಾವ ಕಾಲದಲ್ಲೋ ನಡುವೆ ತೋಡಿದ ಕುಳಿಯಿಂದ ಕೆಲವು ಅಕ್ಷರಗಳು ಹೋಗಿವೆ, ಉಳಿದವು ಉಳಿದಿವೆ. ಅದರಲ್ಲಿರುವ ಲಿಪಿಗಳಲ್ಲಿ ಹನ್ನೆರಡನೆಯದೂ ಒಂದು. ಅದರ ತಾತ್ಪರ್ಯ ಇಷ್ಟು: ತನ್ನ ಮತವನ್ನು ಮೇಲೆತ್ತುವ ಭರದಲ್ಲಿ ಪರರ ಮತವನ್ನು ಹಳಿಯಬಾರದು, ಹಾಗೆ ಮಾಡುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆ. ಈ ಮಾತನ್ನು ಹೊತ್ತ ಕಲ್ಲಿನ ಮೇಲೆ ಕಾಳಿ ನಿಂತಿದ್ದಳು.

ಗುಡಿಯಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಅಗೆದಾಗ ಒಂದು ಮಹಾಸ್ತೂಪವೇ ಹೊರಬಿತ್ತು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೈತ್ಯ’. ರಾಣಿ ಹಾಗೂ ಪರಿಚಾರಿಕೆಯರೊಡನೆ ನಿಂತ ಒಬ್ಬ ಅರಸನ ಕೆತ್ತನೆಯೂ, ಅದರ ಮೇಲೆ ಬ್ರಾಹ್ಮೀ ಅಕ್ಷರಗಳಲ್ಲಿ ‘ರಾಯೋ ಅಸೋಕೋ’ ಎಂಬ ಬರೆಹವೂ ದೊರೆತವು. ವರ್ತಕರು, ಗೃಹಿಣಿಯರು, ಭಿಕ್ಷುಣಿಯರು ಕೊಟ್ಟ ಕಲ್ಲುಗಳ ಮೇಲೆ ಅವರವರ ಹೆಸರುಗಳಿವೆ. ಇಷ್ಟೆಲ್ಲ ಇದ್ದೂ ವರ್ಷಗಟ್ಟಲೆ ಆ ಶಿಲೆಗಳು ಬಿಸಿಲು ಮಳೆಗೆ ಬಯಲಿನಲ್ಲಿಯೇ ಬಿದ್ದಿದ್ದವು. 2022ರಲ್ಲಿ ಇಲಾಖೆಯವರು ಅವನ್ನು ಜೋಡಿಸಿ ನಿಲ್ಲಿಸುವ ಕಾರ್ಯವನ್ನು ಕೈಗೆತ್ತಿಕೊಂಡರು.

ಈ ವರ್ಷ ಅವ್ವನನ್ನು ಕರೆದುಕೊಂಡು ದೇವಿಯ ದರ್ಶನಕ್ಕೆ ಹೋದಾಗ, ವಾಡಿಗೆ ಮರಳುವ ಮೊದಲು ಜೀಪಿನವನಿಗೆ ಹೇಳಿ ಕನಗನಹಳ್ಳಿಗೆ ತಿರುಗಿಸಿದೆ. ಅವ್ವನಿಗೆ ಮೊದಲು ಇಷ್ಟವಿರಲಿಲ್ಲ. “ಬಿಸಲಾಗ ಕಲ್ಲು ನೋಡಾಕ ಏನದ?” ಎಂದಳು. ಆದರೆ ಕೆತ್ತಿದ ಫಲಕಗಳ ಮುಂದೆ ಸುಮ್ಮನೆ ನಿಂತುಬಿಟ್ಟಳು. ಅಕ್ಷರಗಳನ್ನು ತೋರಿಸಿ, “ಇವು ದಾನ ಕೊಟ್ಟವರ ಹೆಸರು, ರಾಜರದಷ್ಟೇ ಅಲ್ಲ, ನಮ್ಮಂಥವರದೂ” ಎಂದೆ. “ಹೆಣಮಕ್ಕಳ ಹೆಸರೂ ಅದಾವೇನೋ?” ಎಂದು ಕೇಳಿದಳು. ಇವೆ ಎಂದೆ. ಆಗ ಸೆರಗಿನ ಗಂಟಿನಿಂದ ದೇವಿಯ ಕುಂಕುಮದ ಪೊಟ್ಟಣವನ್ನು ತೆಗೆದು ಕಲ್ಲಿಗೆ ಹಚ್ಚಲು ಹೋದಳು. ಕಾವಲುಗಾರ ಓಡಿ ಬಂದು, “ಅವ್ವಾ, ಹಚ್ಚಬ್ಯಾಡ್ರಿ, ಕಲ್ಲು ಕೆಡ್ತದ” ಎಂದನು. ಅವಳಿಗೆ ಎಲ್ಲಿ ಮನಸ್ಸು ನೊಂದೀತೋ ಎಂದು ನಾನು ಹೆದರಿದೆ. ಅವಳು ಪೊಟ್ಟಣವನ್ನು ಮತ್ತೆ ಗಂಟು ಕಟ್ಟಿ, “ಮುಟ್ಟಲಾರದs ಕೈ ಮುಗುದ್ರ ನಡೀತದಲ್ಲಪ್ಪಾ?” ಎಂದು ಅವನನ್ನು ಕೇಳಿ, ದೂರದಿಂದಲೇ ಕೈ ಮುಗಿದಳು.

ಮಹನೀಯರೇ, ಬಿ.ಕಾಂ. ಓದಿದ ನನಗೆ ಶಾಸನದಿಂದ ತಿಳಿದದ್ದು ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಒಂದು ಕ್ಷಣದಲ್ಲಿ ತಿಳಿಯಿತು.

ಬರಿಯ ಉಪದೇಶದಿಂದ ಪ್ರಯೋಜನವಿಲ್ಲವಾದ್ದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನಿಟ್ಟು ಮುಗಿಸುತ್ತೇನೆ.

ಮೊದಲನೆಯದಾಗಿ, ವರ್ಷಕ್ಕೆ ಒಂದು ಸಲ ನಮ್ಮ ಸಂಘದ ಮಕ್ಕಳನ್ನು ಕನ್ಹೇರಿಗೆ ಕರೆದೊಯ್ಯೋಣ. ಆದರೆ ಬುತ್ತಿಯನ್ನು ಗವಿಯಿಂದ ದೂರ ಬಿಚ್ಚೋಣ. ಶಾಸನಗಳನ್ನು ಬಲ್ಲ ಯಾರಾದರೊಬ್ಬರನ್ನು ಪ್ರಾರ್ಥಿಸಿ ಕರೆತಂದು, ಅಮೋಘವರ್ಷನ ಹೆಸರು ಎಲ್ಲಿದೆಯೆಂದು ಮಕ್ಕಳಿಗೆ ತೋರಿಸೋಣ. ಸಂಘದ ವತಿಯಿಂದ ಒಂದು ಪುಸ್ತಕವನ್ನು ಒಯ್ದು, ಹೆಸರು ಬರೆಯುವ ಆಸೆಯುಳ್ಳ ಮಕ್ಕಳೆಲ್ಲ ಅದರಲ್ಲಿ ಬರೆಯಲಿ. ಗೋಡೆಯ ಮೇಲೆ ಬರೆಯುವುದು 1958ರ ಕಾಯಿದೆಯ ಪ್ರಕಾರ ಅಪರಾಧ. 2010ರ ತಿದ್ದುಪಡಿಯಾದ ಮೇಲೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ನಾನು ಹನ್ನೊಂದನೆಯ ವಯಸ್ಸಿನಲ್ಲಿ ತಪ್ಪಿಸಿಕೊಂಡೆ.

ಎರಡನೆಯದಾಗಿ, ಕುಲದೇವತೆಯ ದರ್ಶನಕ್ಕೆ ಊರಿಗೆ ಹೋಗುವವರು ಅರ್ಧ ದಿನವನ್ನು ಹೆಚ್ಚಿಗೆ ಇಟ್ಟುಕೊಳ್ಳಿರಿ. ಸನ್ನತಿಗೆ ಹೋದವರು ಕನಗನಹಳ್ಳಿಯನ್ನು ನೋಡಿರಿ. ನಾಸಿಕದ ಬಸ್ಸನ್ನು ಪಂಕ್ಚರಾಗದಿದ್ದರೂ ಒಂದು ಗಂಟೆ ನಿಲ್ಲಿಸೋಣ.

ಮೂರನೆಯದಾಗಿ, ಬಡ್ಡಿ ಯಾರಿಗೆ ಸಲ್ಲಬೇಕೆಂಬುದನ್ನೂ ನೆನಪಿಡೋಣ. ಈ ನಗರದಲ್ಲಿ ಏಳುತ್ತಿರುವ ಮಹಡಿಗಳ ಮೇಲೆ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಎಷ್ಟು ಮಂದಿ ಎಂಬುದು ತಮಗೆ ಗೊತ್ತು. ಅವರ ಊರಿನ ಮಗ್ಗುಲಲ್ಲೇ ಅಶೋಕನ ಚಿತ್ರವಿದೆ. ಯಾತ್ರಿಕರು ಹೋದರೆ ಅಲ್ಲಿ ಚಹದ ಅಂಗಡಿ ನಡೆದೀತು, ಜೀಪು ಓಡೀತು, ದಾರಿ ತೋರಿಸುವ ಹುಡುಗನಿಗೆ ಕೂಲಿ ಸಿಕ್ಕೀತು. ನಾವು ಬುತ್ತಿ ಕಟ್ಟಿಕೊಂಡು ಹೋಗಿ, ಖಾಲಿ ಬಾಟಲಿ ಬಿಟ್ಟು ಬಂದರೆ ಊರಿಗೆ ಬಂದ ಬಡ್ಡಿ ಆ ಬಾಟಲಿಯೊಂದೇ. ಅಲ್ಲಿಯೇ ಉಣ್ಣೋಣ, ಅಲ್ಲಿಯೇ ಕೊಳ್ಳೋಣ. ಉಷವದಾತನ ಹಣವೂ ನೇಕಾರರ ಮಗ್ಗವನ್ನು ನಡೆಸುತ್ತಲೇ ಭಿಕ್ಷುಗಳಿಗೆ ಬಟ್ಟೆ ಕೊಟ್ಟಿತೆಂಬುದನ್ನು ಮರೆಯದಿರೋಣ.

1956ರ ನವೆಂಬರ್ 1ರಂದು ಕಲಬುರಗಿಯು ಹೈದರಾಬಾದಿನಿಂದ ಬಂದು ಕನ್ನಡ ರಾಜ್ಯವನ್ನು ಸೇರಿತು. ಪ್ರತಿ ರಾಜ್ಯೋತ್ಸವದಲ್ಲಿಯೂ ನಾವು ನಮ್ಮ ಹಿರಿಯರು ಬಿಟ್ಟುಹೋದ ಸಂಪತ್ತನ್ನು ಕೊಂಡಾಡುತ್ತೇವೆ. ಕೊಂಡಾಡುವುದು ಪಾಸ್‌ಬುಕ್ಕನ್ನು ತೆರೆದು ನೋಡಿ ಸಂತೋಷಪಟ್ಟಂತೆ. ಅಸಲು ಅಲ್ಲಿ ಇದೆಯೇ ಎಂದು ಆಗಾಗ ಹೋಗಿ ವಿಚಾರಿಸುವುದೂ ಖಾತೆದಾರರ ಕರ್ತವ್ಯ.